ಪೇಟೆಂಟ್ ನೋಟಿಸ್ ಬಂದರೆ: ಕಟ್ಟೋದಾ, ಸುಮ್ನಿರೋದಾ, ಎದುರು ನಿಲ್ಲೋದಾ?

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಪ್ಯಾನೆಲ್ ಬೋರ್ಡ್ ವರ್ಕ್‌ಶಾಪ್ ಇದೆ. ನಾಲ್ಕು ಜನ ಕೆಲಸ ಮಾಡುತ್ತೇವೆ. ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಜೋಡಿಸಿ ಕೊಡುವುದು ನಮ್ಮ ಕಸುಬು. ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟದವರಿಗೆ ಇದೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಥ್ರೀ ಫೇಸ್ ಕರೆಂಟ್ ರಾತ್ರಿ ಎಷ್ಟು ಹೊತ್ತಿಗೋ ಬರುತ್ತದೆ. ಹಾಸಿಗೆಯಿಂದಲೇ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ಚಾಲೂ ಆಗಬೇಕು. ಅಷ್ಟೇ.

ಮೂರು ವರ್ಷದ ಹಿಂದೆ, ನವೆಂಬರ್‌ನಲ್ಲಿ, ಒಂದು ರಿಜಿಸ್ಟರ್ಡ್ ಪೋಸ್ಟ್ ಬಂತು. ಹೊರಗಿನ ಒಂದು ಕಂಪನಿ, ಅವರ ವಕೀಲರ ಲೆಟರ್‌ಹೆಡ್, ಏಳು ಪುಟ. ನಿಮ್ಮ ಸ್ಟಾರ್ಟರ್ ನಮ್ಮ ಪೇಟೆಂಟಿಗೆ ಸೇರಿದ್ದು, ಇಲ್ಲಿವರೆಗೆ ಮಾರಿದ್ದಕ್ಕೆ ಎರಡೂವರೆ ಲಕ್ಷ ಕೊಡಿ, ಇನ್ನು ಮುಂದೆ ಪೀಸಿಗೆ 350 ರೂಪಾಯಿ ಲೈಸೆನ್ಸ್ ಫೀಸು, 15 ದಿನದಲ್ಲಿ ಉತ್ತರ ಬರಬೇಕು. ಒಂದು ಪೀಸಿಗೆ ನನಗೆ ಉಳಿಯುವುದೇ ಆರುನೂರು, ಏಳುನೂರು. ಅವತ್ತು ರಾತ್ರಿ ಊಟ ಸೇರಲಿಲ್ಲ.

ಆಗ ನನಗೆ ಕಂಡಿದ್ದು ಎರಡೇ ದಾರಿ: ದುಡ್ಡು ಕಟ್ಟೋದು, ಇಲ್ಲಾ ಅಂಗಡಿ ಮುಚ್ಚೋದು. ನಡುವೆ ಇನ್ನೂ ನಾಲ್ಕೈದು ದಾರಿ ಇವೆ ಅಂತ ಗೊತ್ತಾಗಲು ತಿಂಗಳು ಹಿಡಿಯಿತು. ಈಗ ಚಳ್ಳಕೆರೆ, ಹಿರಿಯೂರು ಕಡೆಯ ಗೆಳೆಯರಿಗೂ ಇಂಥ ಕಾಗದ ಬರುತ್ತಿವೆ. ಒಬ್ಬರದು ಆ್ಯಪ್, ಇನ್ನೊಬ್ಬರದು ಯಂತ್ರ. ನಾನು ವಕೀಲನಲ್ಲ. ಆದರೆ ಒಂದೊಂದು ದಾರಿಯಲ್ಲಿ ಎಷ್ಟು ದೂರ ಹೋದರೆ ಏನು ಸಿಗುತ್ತದೆ ಅಂತ ಒಂದಿಷ್ಟು ನೋಡಿದ್ದೇನೆ.

ಮೊದಲು ನಂಬರ್ ನೋಡಿ

ನನ್ನ ನೋಟಿಸಿನಲ್ಲಿ ಎರಡು ನಂಬರ್ ಇದ್ದವು. ಎರಡಕ್ಕೂ ‘ಪೇಟೆಂಟ್’ ಅಂತಲೇ ಬರೆದಿದ್ದರು. ಒಂದು ಆರು ಅಂಕಿಯದು, ಅದು ಮಂಜೂರಾದ ಪೇಟೆಂಟ್. ಇನ್ನೊಂದು ಹನ್ನೆರಡು ಅಂಕಿಯದು, ಅದು ಬರೀ ಅರ್ಜಿ. 2016ರಿಂದ ಈಚೆಗಿನ ಅರ್ಜಿ ನಂಬರ್‌ಗಳಲ್ಲಿ ಮೊದಲ ನಾಲ್ಕು ಅಂಕಿ ಇಸವಿ. ಐದನೆಯದು ಆಫೀಸು: 1 ದಿಲ್ಲಿ, 2 ಮುಂಬೈ, 3 ಕೋಲ್ಕತ್ತ, 4 ಚೆನ್ನೈ. ನಮ್ಮ ಕರ್ನಾಟಕದ್ದು ಚೆನ್ನೈಗೆ ಹೋಗುತ್ತದೆ. ಅರ್ಜಿ ಇನ್ನೂ ಮಂಜೂರಾಗದೆ ಯಾರೂ ನಿಮ್ಮ ಮೇಲೆ ಕೇಸ್ ಹಾಕಲು ಬರುವುದಿಲ್ಲ. ಮಂಜೂರಾದ ಮೇಲೆ ಮಾತ್ರ, ಅರ್ಜಿ ಪ್ರಕಟವಾದ ದಿನದಿಂದ ಲೆಕ್ಕ ಹಿಡಿದು ಪರಿಹಾರ ಕೇಳಬಹುದು.

ಪೇಟೆಂಟ್ ಆಫೀಸಿನ ‘ಇನ್‌ಪಾಸ್’ ಅನ್ನುವ ಹುಡುಕಾಟದ ಪುಟದಲ್ಲಿ ನಂಬರ್ ಹಾಕಿ. ಎಲ್ಲಾ ಕಾಗದ ಪುಕ್ಕಟೆ ಸಿಗುತ್ತದೆ. ಪೇಟೆಂಟ್ ಇನ್ನೂ ಜೀವಂತ ಇದೆಯಾ ಅಂತಲೂ ತಿಳಿಯುತ್ತದೆ. ಆಯುಸ್ಸು ಅರ್ಜಿಯ ದಿನದಿಂದ 20 ವರ್ಷ, ನಿಜ. ಆದರೆ ನವೀಕರಣ ಶುಲ್ಕ ಕಟ್ಟದಿದ್ದರೆ ನಡುವೆಯೇ ಕೊನೆಯಾಗುತ್ತದೆ. ಮೂರು ತಾರೀಖು ಬರೆದಿಟ್ಟುಕೊಳ್ಳಿ: ಅರ್ಜಿ ಹಾಕಿದ್ದು, ಅರ್ಜಿ ಪ್ರಕಟವಾಗಿದ್ದು, ಮಂಜೂರಾದದ್ದು ಪ್ರಕಟವಾಗಿದ್ದು. ಮುಂದಿನ ಆಯ್ಕೆಯೆಲ್ಲ ಈ ಮೂರರ ಮೇಲೇ ನಿಂತಿದೆ.

ಸರ್ಕಾರವೇ ಕೊಟ್ಟ ಪೇಟೆಂಟ್ ಸುಳ್ಳಾಗುತ್ತಾ ಅಂತ ನನ್ನ ಭಾವಮೈದುನ ಕೇಳಿದ್ದ. 1970ರ ಪೇಟೆಂಟ್ ಕಾಯ್ದೆಯ 13(4)ನೇ ಕಲಮು ಓದಿ. ಪರೀಕ್ಷೆ ಮಾಡಿ ಮಂಜೂರು ಮಾಡಿದ ಮಾತ್ರಕ್ಕೆ ಪೇಟೆಂಟ್ ಸರಿಯಾಗಿದೆ ಅಂತ ನಾವು ಖಾತ್ರಿ ಕೊಡುವುದಿಲ್ಲ ಅಂತ ಕಾನೂನೇ ಹೇಳುತ್ತದೆ.

ಕಟ್ಟಿ ಕೈ ತೊಳೆದುಕೊಳ್ಳೋದು

ಇದರ ಸುಖ ಒಂದೇ, ನಿದ್ದೆ ಬರುತ್ತದೆ. ಬೆಲೆ ಮಾತ್ರ ನೋಟಿಸಿನಲ್ಲಿ ಕಾಣುವಷ್ಟು ಚಿಕ್ಕದಲ್ಲ. ಆಗ ನಾನು ತಿಂಗಳಿಗೆ 40 ಪೀಸ್ ಮಾರುತ್ತಿದ್ದೆ. 350ರಂತೆ ತಿಂಗಳಿಗೆ 14,000, ವರ್ಷಕ್ಕೆ 1,68,000. ಪೇಟೆಂಟಿಗೆ ಇನ್ನೂ 14 ವರ್ಷ ಬಾಕಿ ಇತ್ತು. ಒಟ್ಟು 23 ಲಕ್ಷದ ಮೇಲೆ! ಎರಡೂವರೆ ಲಕ್ಷ ಬರೀ ಬಾಗಿಲ ಸುಂಕ.

ಆದರೂ ಕಟ್ಟುವುದೇ ಸರಿಯಾದ ಸಂದರ್ಭ ಇದೆ. ಎದುರಿನವರು ನಿಜವಾಗಿ ಹೊಸದನ್ನು ಕಂಡುಹಿಡಿದಿದ್ದು, ನೀವು ಅದನ್ನೇ ಬಳಸುತ್ತಿದ್ದರೆ ಹಟ ಮಾಡಬೇಡಿ. ಎರಿಕ್ಸನ್ ಜೊತೆ ಮೊಬೈಲ್ ಪೇಟೆಂಟ್‌ಗಳ ವಿಷಯಕ್ಕೆ ಕಾದಾಡಿದ ಲಾವಾ ಕಂಪನಿಗೆ 2024ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಸುಮಾರು 244 ಕೋಟಿ ರೂಪಾಯಿ ಕಟ್ಟಲು ಹೇಳಿತು. ಎಂಟು ಪೇಟೆಂಟ್‌ಗಳಲ್ಲಿ ಒಂದು ಬಿತ್ತು, ಏಳು ನಿಂತವು. ಎದುರು ನಿಂತವರೆಲ್ಲ ಗೆಲ್ಲುತ್ತಾರೆ ಅನ್ನುವವರಿಗೆ ಈ ಉದಾಹರಣೆ ಕೊಡುತ್ತೇನೆ.

ಕಟ್ಟುವುದೇ ಆದರೆ ಕರಾರು ಓದಿ. ‘ಮುಂದೆ ಈ ಪೇಟೆಂಟ್ ಸರಿಯಿಲ್ಲ ಅಂತ ಎಲ್ಲೂ ಪ್ರಶ್ನಿಸುವಂತಿಲ್ಲ’ ಅನ್ನುವ ಸಾಲು ಬಹಳ ಕರಾರುಗಳಲ್ಲಿ ಮೆಲ್ಲಗೆ ನುಸುಳಿರುತ್ತದೆ. ನಮ್ಮ ಕಾಯ್ದೆಯ 140ನೇ ಕಲಮಿನ ಪ್ರಕಾರ ಅಂಥ ಷರತ್ತು ನಿಲ್ಲುವುದಿಲ್ಲ. ಪೇಟೆಂಟ್ ರದ್ದಾದರೆ, ಇಲ್ಲವೇ ನವೀಕರಣ ನಿಂತರೆ ಫೀಸೂ ನಿಲ್ಲುತ್ತದೆ ಅಂತ ಬರೆಸಿಕೊಳ್ಳಿ. ಮಂಜೂರಾಗದ ಅರ್ಜಿ ನಂಬರ್‌ಗೆ ಮಾತ್ರ ಒಂದು ರೂಪಾಯಿಯನ್ನೂ ಕೊಡಬೇಡಿ.

ಸುಮ್ನಿರೋದು

ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಜನ ಮಾಡುವುದು ಇದೇ. ಕಾಗದ ಡ್ರಾಯರ್‌ಗೆ ಹೋಗುತ್ತದೆ, ಮೇಲೆ ಟೆಸ್ಟರ್, ಇನ್ಸುಲೇಶನ್ ಟೇಪು ಬೀಳುತ್ತದೆ. ಕೆಲವೊಮ್ಮೆ ಇದು ಕೆಲಸವೂ ಮಾಡುತ್ತದೆ, ಸುಳ್ಳು ಹೇಳಲಾರೆ. ಅಮೆರಿಕದಲ್ಲಿ ಎಂಪಿಎಚ್‌ಜೆ ಅನ್ನುವ ಕಂಪನಿ ‘ಸ್ಕ್ಯಾನ್ ಮಾಡಿ ಇಮೇಲ್ ಕಳಿಸುವುದು ನಮ್ಮ ಪೇಟೆಂಟ್, ನೌಕರನೊಬ್ಬನಿಗೆ ಸಾವಿರ ಡಾಲರ್ ಕೊಡಿ’ ಅಂತ 16,000ಕ್ಕೂ ಹೆಚ್ಚು ಸಣ್ಣ ವ್ಯಾಪಾರಿಗಳಿಗೆ ಪತ್ರ ಬರೆಯಿತು. ಕಟ್ಟದಿದ್ದರೆ ಕೇಸ್ ಅಂತ ಹೆದರಿಸಿತ್ತು. ಆ ಬೆದರಿಕೆ ಬರೀ ಪೊಳ್ಳು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹಿಂದೆ ಬಿತ್ತು, 2014ರಲ್ಲಿ ಆ ಆಟಕ್ಕೆ ತಡೆ ಹಾಕಿತು.

ಆದರೆ ಎಲ್ಲಾ ನೋಟಿಸೂ ಪೊಳ್ಳಲ್ಲ. ನಮ್ಮ ಕಾನೂನಿನಲ್ಲಿ, ಪೇಟೆಂಟ್ ಇದೆ ಅಂತ ಗೊತ್ತೇ ಇರಲಿಲ್ಲ, ಗೊತ್ತಾಗಲು ಕಾರಣವೂ ಇರಲಿಲ್ಲ ಅಂತ ತೋರಿಸಿದವರಿಗೆ ನಷ್ಟ ಪರಿಹಾರದಿಂದ ವಿನಾಯಿತಿ ಇದೆ. ನೋಟಿಸಿಗೆ ಸಹಿ ಹಾಕಿ ತೆಗೆದುಕೊಂಡ ದಿನದಿಂದ ಆ ಮಾತು ಹೇಳಲು ಬರುವುದಿಲ್ಲ. ಜೊತೆಗೆ, ಉತ್ತರವನ್ನೇ ಕೊಡದವನ ಮೇಲೆ ತಡೆಯಾಜ್ಞೆ ಕೇಳುವುದು ಎದುರಿನ ವಕೀಲರಿಗೆ ಸಲೀಸು. ನೀವು ಆನ್‌ಲೈನ್‌ನಲ್ಲೂ ಮಾರುತ್ತಿದ್ದರೆ, ದಿಲ್ಲಿಯಲ್ಲೇ ಮಾರಾಟವಾಯಿತು ಅಂತ ತೋರಿಸಿ ಕೇಸನ್ನು ಅಲ್ಲಿಗೇ ಎಳೆಯಲು ನೋಡುತ್ತಾರೆ. ಸುಗ್ಗಿಯ ಹೊತ್ತಿಗೆ ತಡೆಯಾಜ್ಞೆ ಬಂದರೆ ನನ್ನಂಥವನ ವರ್ಷದ ವ್ಯಾಪಾರ ಹೋದಂತೆಯೇ.

ಉತ್ತರ ಬರೆಯೋದು

ನನ್ನ ಮಟ್ಟಿಗೆ ಸಣ್ಣವರಿಗೆ ಅತಿ ಕಡಿಮೆ ಖರ್ಚಿನ, ಅತಿ ಜಾಸ್ತಿ ಫಲದ ದಾರಿ ಇದು. ವಕೀಲರಿಗೆ, ಪೇಟೆಂಟ್ ಏಜೆಂಟರಿಗೆ ಸೇರಿ ನನಗೆ 18,000 ಖರ್ಚಾಯಿತು. ಮುಕ್ಕಾಲು ಕೆಲಸ ನಾವೇ ಮಾಡಿದ್ದಕ್ಕೆ ಅಷ್ಟರಲ್ಲೇ ಮುಗಿಯಿತು.

ಪೇಟೆಂಟ್ ಕಾಗದದಲ್ಲಿ ಚಿತ್ರ, ವಿವರಣೆ ಎಷ್ಟೇ ಪುಟ ಇರಲಿ, ಬೇಲಿ ಇರುವುದು ಕೊನೆಯ ‘ಕ್ಲೈಮು’ಗಳಲ್ಲಿ, ಅಂದರೆ ‘ಇದಿಷ್ಟು ನಮ್ಮದು’ ಅಂತ ಹಕ್ಕು ಹೇಳುವ ಸಾಲುಗಳಲ್ಲಿ. ಮೊದಲನೇ ಕ್ಲೈಮನ್ನು ಒಂದು ಹಾಳೆಯಲ್ಲಿ ತುಂಡು ತುಂಡು ಮಾಡಿ ಬರೆದೆ. ಅದರಲ್ಲಿ ಐದು ತುಂಡು ಇದ್ದವು. ಒಂದು, ಮಾಲೀಕನ ನಂಬರಿಂದ ಬಂದ ಕರೆಯನ್ನು ಗುರುತಿಸುವುದು. ಎರಡು, ಮೂರೂ ಫೇಸ್ ಇದೆಯಾ ನೋಡುವುದು. ಮೂರು, ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಸೇರಿಸುವ ಸ್ವಿಚ್ಚು) ಎಳೆದು ಮೋಟಾರ್ ಚಾಲೂ ಮಾಡುವುದು. ನಾಲ್ಕು, ನೀರಿಲ್ಲದೆ ಓಡಿದರೆ ಆಫ್ ಮಾಡುವುದು. ಐದು, ಹಿಂದಿನ ಸಲ ಎಷ್ಟು ಹೊತ್ತು ಓಡಿತ್ತು ಅನ್ನುವುದನ್ನು ನೆನಪಿಟ್ಟು, ಅದಕ್ಕೆ ತಕ್ಕ ಹಾಗೆ ಕಾದು ತಾನೇ ಮತ್ತೆ ಚಾಲೂ ಆಗುವುದು.

ಆಮೇಲೆ ಟೇಬಲ್ ಮೇಲೆ ನಮ್ಮ ಡಬ್ಬ ಬಿಚ್ಚಿಟ್ಟುಕೊಂಡು ಒಂದೊಂದೇ ತುಂಡು ಹುಡುಕಿದೆ. ಮೊದಲ ನಾಲ್ಕೂ ನಮ್ಮಲ್ಲಿ ಇವೆ. ಐದನೆಯದಕ್ಕೆ ನಮ್ಮಲ್ಲಿರುವುದು ಒಂದು ತಿರುಗಿಸುವ ಗುಂಡಿ. ರೈತ 30 ನಿಮಿಷಕ್ಕೆ ಇಟ್ಟರೆ 30, 90ಕ್ಕೆ ಇಟ್ಟರೆ 90. ಅದಕ್ಕೆ ನೆನಪೂ ಇಲ್ಲ, ಲೆಕ್ಕವೂ ಇಲ್ಲ. ಕ್ಲೈಮಿನ ಒಂದೇ ಒಂದು ತುಂಡು ನಿಮ್ಮ ಸಾಮಾನಿನಲ್ಲಿ ಇಲ್ಲದಿದ್ದರೂ ಸಾಮಾನ್ಯವಾಗಿ ಆ ಕ್ಲೈಮಿನ ಬೇಲಿಯೊಳಗೆ ನೀವಿಲ್ಲ. ಎದುರಿನವರು ‘ಹೆಚ್ಚುಕಮ್ಮಿ ಅದೇ ಕೆಲಸ ತಾನೇ’ ಅಂತ ವಾದಿಸಬಹುದು. ಅದಕ್ಕೇ ಎರಡನೇ ಹತಾರವೂ ಬೇಕು.

ಎರಡನೇ ಹತಾರ ಹಳೆಯ ಸಾಕ್ಷಿ. ಅರ್ಜಿಯ ತಾರೀಖಿಗಿಂತ ಮೊದಲೇ ಅದು ಪ್ರಕಟವಾಗಿತ್ತು, ಬಳಕೆಯಲ್ಲಿತ್ತು, ಇಲ್ಲವೇ ಇದ್ದದ್ದನ್ನು ಜೋಡಿಸಿದರೆ ಯಾವ ಮೆಕ್ಯಾನಿಕ್‌ಗೂ ಹೊಳೆಯುವಂಥದ್ದು ಅಂತ ತೋರಿಸಿದರೆ ಪೇಟೆಂಟ್ ನಿಲ್ಲುವುದಿಲ್ಲ. ನನ್ನ ಪೇಟೆಂಟಿನ ಅರ್ಜಿ 2017ರ ಮಾರ್ಚ್‌ನದು. ಮೊಬೈಲ್‌ನಿಂದ ಪಂಪ್‌ಸೆಟ್ ಚಾಲೂ ಮಾಡುವ ಪುಣೆಯ ‘ನ್ಯಾನೋ ಗಣೇಶ್’ ಅದಕ್ಕೂ ಎಷ್ಟೋ ಮುಂಚೆಯಿಂದ ರೈತರ ಕೈಯಲ್ಲಿತ್ತು. ಆದರೆ ‘ಎಲ್ಲರಿಗೂ ಗೊತ್ತಿತ್ತು’ ಅಂದರೆ ಸಾಲದು. ತಾರೀಖು ಇರುವ ಕಾಗದ ಬೇಕು.

ಅದು ಸಿಕ್ಕಿದ್ದು ಭೀಮಸಮುದ್ರದ ಒಬ್ಬ ಯಜಮಾನರ ಪಂಪ್‌ಹೌಸಿನಲ್ಲಿ. ಕೆಟ್ಟು ಮೂಲೆ ಸೇರಿದ್ದ ಹಳೇ ಸ್ಟಾರ್ಟರ್, ಅದರ ಮುಚ್ಚಳದ ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕೈಪಿಡಿ, ಗ್ಯಾರಂಟಿ ಕಾರ್ಡು. ಕಾರ್ಡಿನ ಮೇಲೆ ನೀಲಿ ಇಂಕಿನ ಅಂಗಡಿ ಸೀಲು, 2011ರ ತಾರೀಖು. ಕೈಪಿಡಿಯ ಮೂರನೇ ಪುಟದಲ್ಲಿ ನೀರಿಲ್ಲದಾಗ ಆಫ್ ಆಗಿ, ಗುಂಡಿಯಲ್ಲಿ ಇಟ್ಟಷ್ಟು ಹೊತ್ತು ಕಾದು ಮತ್ತೆ ಚಾಲೂ ಆಗುತ್ತದೆ ಅಂತ ಸ್ಪಷ್ಟವಾಗಿ ಇತ್ತು. ‘ಗುಜರಿಗೆ ಹಾಕ್ಬೇಕು ಅಂತಿದ್ದೆ ಕಣಪ್ಪ, ತಗಂಡು ಹೋಗು’ ಅಂದರು ಯಜಮಾನರು. ತಗೊಂಡು ಬರುವ ಮುಂಚೆ ಅದು ಇದ್ದ ಜಾಗದಲ್ಲೇ ಫೋಟೋ ಹೊಡೆದೆವು. ಅವರಿಂದ ನೋಟರಿ ಮುಂದೆ ಒಂದು ಅಫಿಡವಿಟ್ ಮಾಡಿಸಿದೆವು. ಕೃಷಿ ಮೇಳದ ಸ್ಮರಣ ಸಂಚಿಕೆ, ಪತ್ರಿಕೆಯ ಜಾಹೀರಾತು, ಹಳೇ ಜಿಎಸ್‌ಟಿ ಮುಂಚಿನ ಬಿಲ್ಲು, ಯೂಟ್ಯೂಬ್ ವಿಡಿಯೋ ಹಾಕಿದ ತಾರೀಖು, ಎಲ್ಲವೂ ಸಾಕ್ಷಿಯಾಗಬಹುದು.

ಈಗ ಎರಡನ್ನೂ ಸೇರಿಸಿ ನೋಡಿ. ಐದನೇ ತುಂಡು ಅಂದರೆ ನೆನಪಿಟ್ಟು ಲೆಕ್ಕ ಹಾಕುವುದು ಮಾತ್ರ ಅಂತ ಅವರು ಒಪ್ಪಿದರೆ ನನ್ನ ಗುಂಡಿ ಅದರ ಹೊರಗೆ. ಇಲ್ಲ, ಗುಂಡಿಯೂ ಸೇರುತ್ತೆ ಅಂತ ಎಳೆದರೆ ಭೀಮಸಮುದ್ರದ ಡಬ್ಬವೂ ಒಳಗೆ ಬರುತ್ತದೆ, ಆಗ ಪೇಟೆಂಟೇ ಉಳಿಯುವುದಿಲ್ಲ. ಬಟ್ಟೆ ಜಾಸ್ತಿ ಜಗ್ಗಿದರೆ ಹರಿಯುತ್ತೆ ಅಲ್ವಾ, ಹಾಗೆ. ನಮ್ಮ ಉತ್ತರ ಎರಡೂವರೆ ಪುಟ. ಕೊನೆಗೆ ಎರಡು ಸಾಲು: ನಮ್ಮ ಸಾಮಾನಿನಲ್ಲಿ ಯಾವ ಕ್ಲೈಮಿನ ಯಾವ ತುಂಡು ಎಲ್ಲಿದೆ ಅಂತ ಪಟ್ಟಿ ಮಾಡಿ ಕಳಿಸಿ, ಮತ್ತು, ನಾವು ಉಲ್ಲಂಘಿಸುತ್ತಿಲ್ಲ ಅಂತ ಬರೆದು ಒಪ್ಪಿಕೊಳ್ಳಿ. ಎರಡನೆಯ ಸಾಲು ಸುಮ್ನೆ ಹಾಕಿದ್ದಲ್ಲ. ಹಾಗೆ ಕೇಳಿ, ಅವರು ಒಪ್ಪದಿದ್ದರೆ, 105ನೇ ಕಲಮಿನಲ್ಲಿ ‘ಉಲ್ಲಂಘನೆ ಇಲ್ಲ’ ಅಂತ ಘೋಷಣೆ ಕೇಳಿ ನಾವೇ ಕೋರ್ಟಿಗೆ ಹೋಗಬಹುದು. ಆಧಾರವಿಲ್ಲದೆ ಕೇಸಿನ ಬೆದರಿಕೆ ಹಾಕಿದವರ ಮೇಲೆ 106ನೇ ಕಲಮಿನಲ್ಲಿ ತಡೆಯಾಜ್ಞೆ, ಪರಿಹಾರ ಎರಡನ್ನೂ ಕೇಳಬಹುದು. ‘ನಮ್ಮದೊಂದು ಪೇಟೆಂಟ್ ಇದೆ’ ಅಂತ ತಿಳಿಸಿದ್ದು ಮಾತ್ರ ಬೆದರಿಕೆ ಆಗುವುದಿಲ್ಲ.

ಬರೆಯುವಾಗ ಒಂದು ಎಚ್ಚರ. ‘ನಾವು ಬರೀ 500 ಪೀಸ್ ಮಾರಿದ್ದೇವೆ ಸರ್, ಬಿಟ್ಟುಬಿಡಿ’ ಅಂತ ಕೈಮುಗಿದು ಬರೆಯಬೇಡಿ. ಚಿತ್ರದುರ್ಗದ ಒಬ್ಬರು ವಾಟ್ಸಾಪ್‌ನಲ್ಲೇ ಹಾಗೆ ಬರೆದು ಲೆಕ್ಕವನ್ನು ತಾವೇ ಒಪ್ಪಿಸಿದ್ದರು.

ಸಾಮಾನನ್ನೇ ಬದಲಿಸೋದು

ಬೇಲಿಯ ಒಳಗಿದ್ದೀರಿ ಅಂತ ಗೊತ್ತಾದರೆ, ಮತ್ತು ಆ ಒಂದು ತುಂಡು ಬಿಟ್ಟರೂ ಗಿರಾಕಿಗೆ ನಷ್ಟವಿಲ್ಲದಿದ್ದರೆ, ಇದು ಒಳ್ಳೆಯ ದಾರಿ. ಜಿಫ್ ಚಿತ್ರಗಳ ಒಳಗಿನ ಕುಗ್ಗಿಸುವ ವಿಧಾನದ ಮೇಲೆ ಯೂನಿಸಿಸ್ ಕಂಪನಿ 1994ರ ಕೊನೆಯಲ್ಲಿ ಫೀಸು ಕೇಳಿದಾಗ ಪ್ರೋಗ್ರಾಮರ್‌ಗಳು ಮಾಡಿದ್ದು ಇದನ್ನೇ. ಆ ವಿಧಾನ ಬಿಟ್ಟು ಪಿಎನ್‌ಜಿ ಅನ್ನುವ ಹೊಸ ಬಗೆ ಕಟ್ಟಿದರು. ಇವತ್ತು ನಿಮ್ಮ ಮೊಬೈಲಿನ ಎಷ್ಟೋ ಸ್ಕ್ರೀನ್‌ಶಾಟ್‌ಗಳು ಪಿಎನ್‌ಜಿಯೇ. ಹಳೆಯ ಮಾರಾಟದ ಲೆಕ್ಕ ಇದರಿಂದ ಅಳಿಯುವುದಿಲ್ಲ, ಮುಂದಿನದು ಮಾತ್ರ ಉಳಿಯುತ್ತದೆ.

ಪೇಟೆಂಟ್ ಆಫೀಸಿನಲ್ಲಿ ತಕರಾರು

ಇಲ್ಲಿ ಎರಡು ಬಾಗಿಲು. ಅರ್ಜಿ ಪ್ರಕಟವಾಗಿ ಇನ್ನೂ ಮಂಜೂರಾಗಿಲ್ಲದಿದ್ದರೆ ಪೇಟೆಂಟ್ ಕಾಯ್ದೆಯ 25(1)ನೇ ಕಲಮಿನಲ್ಲಿ ಯಾರು ಬೇಕಾದರೂ ತಕರಾರು ಹಾಕಬಹುದು. ವ್ಯಾಪಾರಿಯೇ ಆಗಬೇಕಿಲ್ಲ, ಕಾಲೇಜು ಹುಡುಗನೂ ಹಾಕಬಹುದು. ಆ ಹನ್ನೆರಡು ಅಂಕಿಯ ಅರ್ಜಿಗೆ ನಾನು, ಹಿರಿಯೂರಿನವರೊಬ್ಬರು, ಹೊಳಲ್ಕೆರೆಯವರೊಬ್ಬರು ಸೇರಿ ಹಾಕಿದ್ದು ಇದನ್ನೇ. ಆಗ ಅದಕ್ಕೆ ಶುಲ್ಕವೂ ಇರಲಿಲ್ಲ. 2024ರ ಹೊಸ ನಿಯಮದಿಂದ ಶುಲ್ಕ ಬಂದಿದೆ. ವಿಚಾರಣೆ ವಿಡಿಯೋದಲ್ಲೇ ನಡೆಯುತ್ತದೆ, ಚೆನ್ನೈಗೋ ಮುಂಬೈಗೋ ಬಸ್ಸು ಹತ್ತಬೇಕಾಗಿಲ್ಲ.

ಎರಡನೆಯದು 25(2). ಮಂಜೂರಾದದ್ದು ಪ್ರಕಟವಾದ ಒಂದು ವರ್ಷದೊಳಗೆ, ಆ ವಿಷಯದಲ್ಲಿ ಹಿತಾಸಕ್ತಿ ಇರುವವರು ಹಾಕಬಹುದು. ಮೂವರ ಮಂಡಳಿ ಪರಿಶೀಲಿಸುತ್ತದೆ. ನನ್ನ ಆರಂಕಿಯ ಪೇಟೆಂಟಿನ ಆ ಒಂದು ವರ್ಷ, ನೋಟಿಸ್ ಬರುವ ಮೂರು ತಿಂಗಳ ಹಿಂದೆಯೇ ಮುಗಿದಿತ್ತು. ಆ ವರ್ಷ ಮುಗಿಯಲಿ ಅಂತಲೇ ಕಾದು ಕಳಿಸಿದರು ಅನ್ನುವುದು ನನ್ನ ಗುಮಾನಿ.

ಎರಡರಲ್ಲಿ ಯಾವುದು ಮೇಲು ಅಂದರೆ, ಮೊದಲನೆಯದು, ಅನುಮಾನವೇ ಇಲ್ಲ. ಮೊಳಕೆಯಲ್ಲಿ ಚಿವುಟುವುದಕ್ಕೂ ಮರ ಕಡಿಯುವುದಕ್ಕೂ ಇರುವ ವ್ಯತ್ಯಾಸ. ನಿಮ್ಮ ಕಸುಬಿನ ನಾಲ್ಕು ಪದ ಹಾಕಿ ತಿಂಗಳಿಗೊಮ್ಮೆ ಇನ್‌ಪಾಸ್ ನೋಡುವ ಅಭ್ಯಾಸ ಇಟ್ಟುಕೊಂಡರೆ ಸಾಕು. ಆ್ಯಪ್ ಮಾಡುವವರು 3(ಕೆ) ಕಲಮು ನೆನಪಿಡಿ: ಬರೀ ಕಂಪ್ಯೂಟರ್ ಪ್ರೋಗ್ರಾಂ, ವ್ಯಾಪಾರ ಮಾಡುವ ವಿಧಾನ, ಗಣಿತದ ಲೆಕ್ಕ, ಇವಕ್ಕೆ ಪೇಟೆಂಟ್ ಇಲ್ಲ. ನಮ್ಮಂಥ ಜೋಡಣೆಯವರಿಗೆ 3(ಎಫ್): ಗೊತ್ತಿದ್ದ ಸಾಧನಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದೂ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿದ್ದರೆ ಅದು ಆವಿಷ್ಕಾರ ಅಲ್ಲ.

ಹೈಕೋರ್ಟ್

64ನೇ ಕಲಮಿನಲ್ಲಿ ಪೇಟೆಂಟ್ ರದ್ದು ಮಾಡಿ ಅಂತ ಹೈಕೋರ್ಟಿಗೆ ಹೋಗಬಹುದು. ಮೊದಲು ಇದಕ್ಕೆ ಐಪಿಎಬಿ ಅನ್ನುವ ಮಂಡಳಿ ಇತ್ತು, 2021ರಲ್ಲಿ ಅದನ್ನು ಮುಚ್ಚಿದರು. ಅವರೇ ಜಿಲ್ಲಾ ಕೋರ್ಟಿನಲ್ಲಿ ಕೇಸ್ ಹಾಕಿದರೆ, ನೀವು ಪೇಟೆಂಟೇ ರದ್ದಾಗಲಿ ಅಂತ ಪ್ರತಿದಾವೆ ಹಾಕಿದ ಕೂಡಲೇ ಕೇಸು ಹೈಕೋರ್ಟಿಗೆ ಹೋಗುತ್ತದೆ.

ಗೆದ್ದವರಿದ್ದಾರೆ. ಎರಡು ಸಿಮ್ ಹಾಕುವ ಫೋನು ನನ್ನದು ಅಂತ ಮದುರೈನ ರಾಮ್‌ಕುಮಾರ್ 2008ರಲ್ಲಿ ಪೇಟೆಂಟ್ ಪಡೆದು, ಕಸ್ಟಮ್ಸ್‌ನವರ ಮೂಲಕ ಫೋನ್‌ಗಳ ಆಮದನ್ನೇ ತಡೆಸಿದ್ದರು. ಮೊಬೈಲ್ ಕಂಪನಿಗಳು ಎದುರು ನಿಂತವು, 2012ರಲ್ಲಿ ಪೇಟೆಂಟ್ ರದ್ದಾಯಿತು. ಅಮೆರಿಕದಲ್ಲಿ ಆನ್‌ಲೈನ್ ಅಂಗಡಿಯ ‘ಶಾಪಿಂಗ್ ಕಾರ್ಟ್’ ಪೇಟೆಂಟಿಗೆ ಅಮೆಜಾನ್ 4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತ್ತು. ನ್ಯೂಎಗ್ ಅನ್ನುವ ಕಂಪನಿ ಕೊಡಲ್ಲ ಅಂತ ಕೂತಿತು, ಕೆಳಗಿನ ಕೋರ್ಟಿನಲ್ಲಿ ಸೋತಿತು, 2013ರಲ್ಲಿ ಮೇಲಿನ ಕೋರ್ಟಿನಲ್ಲಿ ಆ ಪೇಟೆಂಟನ್ನೇ ಬೀಳಿಸಿತು.

ನನಗೆ ಹತ್ತಿರ ಅನಿಸುವುದು ಮಾತ್ರ ಮಿರ್ಜಾಪುರದ ಹಿತ್ತಾಳೆ ಪಾತ್ರೆಯವರ ಜಗಳ. ಲೇತಿನಲ್ಲಿ ಪಾತ್ರೆ ಅಲ್ಲಾಡದ ಹಾಗೆ ಹಿಡಿಯುವ ಒಂದು ಏರ್ಪಾಟಿಗೆ 1951ರ ತಾರೀಖಿನ ಪೇಟೆಂಟ್ ಇತ್ತು. ಇದು ಯಾವ ಕುಶಲಿಯೂ ವರ್ಕ್‌ಶಾಪಿನಲ್ಲಿ ಮಾಡಿಕೊಳ್ಳುವ ಸಣ್ಣ ಸುಧಾರಣೆ, ಆವಿಷ್ಕಾರ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಹೇಳಿದ್ದು 1978ರಲ್ಲಿ! ಗೆದ್ದವರು ಸಿಹಿ ಹಂಚುವ ಹೊತ್ತಿಗೆ ಪೇಟೆಂಟಿನ ಕಾಲವೇ ಮುಗಿದು ಎಷ್ಟೋ ವರ್ಷ ಆಗಿತ್ತು. ಹಾಗಾಗಿ ಒಬ್ಬರೇ ಹೋಗಬೇಕಾದರೆ ಹೈಕೋರ್ಟ್ ನನ್ನ ಕೊನೆಯ ಆಯ್ಕೆ. ಏಳೆಂಟು ಜನ ಸೇರಿ ಖರ್ಚು ಹಂಚಿಕೊಂಡರೆ ಲೆಕ್ಕ ಬೇರೆ.

ಎಲ್ಲಾ ದಾರಿಯಲ್ಲೂ ಒಂದೊಂದು ಕಾಲು ಇಡಲು ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಜೋಗಿಮಟ್ಟಿಯ ಕಡೆ ತಿರುಗುವ ಗಾಳಿಯಂತ್ರಗಳನ್ನು ನೋಡಿದ್ದೀರಲ್ಲ, ಅಂಥ ಗಾಳಿಯಂತ್ರಗಳ ಪೇಟೆಂಟ್ ಬಗ್ಗೆಯೇ ಅಲಾಯ್ಸ್ ವೊಬೆನ್ ಅವರ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿತು. 25(2)ರ ತಕರಾರು ಹಾಕಿದವರು ಆಮೇಲೆ ರದ್ದತಿ ಅರ್ಜಿ, ಪ್ರತಿದಾವೆ ಅಂತ ಹೋಗುವಂತಿಲ್ಲ. ರದ್ದತಿ ಅರ್ಜಿ, ಪ್ರತಿದಾವೆ ಇವೆರಡರಲ್ಲೂ ಒಂದನ್ನೇ ಹಿಡಿಯಬೇಕು.

ನನ್ನ ಕಾಗದದ ಕಥೆ

ಉತ್ತರ ಹೋದ ಎರಡು ತಿಂಗಳಿಗೆ ಅವರಿಂದ ಇನ್ನೊಂದು ಪತ್ರ ಬಂತು. ಎರಡೂವರೆ ಲಕ್ಷ 60,000ಕ್ಕೆ ಇಳಿದಿತ್ತು, ಪೀಸಿಗೆ 350 ಹೋಗಿ 100 ಆಗಿತ್ತು. ಕ್ಲೈಮಿನ ಪಟ್ಟಿ ಮಾತ್ರ ಇರಲಿಲ್ಲ. ಪಟ್ಟಿ ಕಳಿಸಿ ಅಂತ ಮತ್ತೆ ಎರಡೇ ಸಾಲು ಬರೆದೆವು. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ. ಆ ಹನ್ನೆರಡು ಅಂಕಿಯ ಅರ್ಜಿಯನ್ನು ಅವರೇ ಕೈಬಿಟ್ಟರು. ಆರಂಕಿಯ ಪೇಟೆಂಟಿಗೆ ಒಂಬತ್ತನೇ ವರ್ಷದ ನವೀಕರಣ ಶುಲ್ಕ ಕಟ್ಟಿಲ್ಲ ಅಂತ ಹೋದ ತಿಂಗಳು ರಿಜಿಸ್ಟರ್‌ನಲ್ಲಿ ಕಂಡಿತು. ಹಾಗೆ ಕೊನೆಯಾದ ಪೇಟೆಂಟನ್ನು 18 ತಿಂಗಳೊಳಗೆ ಅರ್ಜಿ ಹಾಕಿ ಮತ್ತೆ ಎಬ್ಬಿಸಲು ಅವಕಾಶವಿದೆ. ಆ ಗಡುವು 2026ರ ಗಣೇಶನ ಹಬ್ಬದ ಹೊತ್ತಿಗೆ ಮುಗಿಯುತ್ತದೆ. ಹಳೆಯ ಮಾರಾಟಕ್ಕೆ ಪರಿಹಾರ ಕೇಳುವ ಅವಧಿಯೂ ಇನ್ನೂ ಇದೆ. ಹಾಗಾಗಿ ಭೀಮಸಮುದ್ರದ ಡಬ್ಬ ನನ್ನ ಅಂಗಡಿಯ ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಿನ ಸಮೇತ ಹಾಗೇ ಇದೆ.